ನನ್ನ ಕತೆಯ ನವಾಹೋ ಸಂಸದೆ

(ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದಿದ್ದನ್ನು ಅಲ್ಲಲ್ಲಿ ತಿದ್ದಿದ್ದೇನೆ, ಕೆಲವು ಕಡೆ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ತಪ್ಪೊಪ್ಪಿಗೆ. ಆಹ್ವಾನ ಪತ್ರಿಕೆಯಲ್ಲಿ "ಅಮೆರಿಕದ ಸಂಸತ್ತಿನಲ್ಲಿ ನವಾಹೋ ಮಹಿಳೆ" ಅಂತ ಅಚ್ಚಾಗಿದೆ. ಹಾಗೆ ಹಾಕಿಸಿದ್ದು ನಾನೇ. ಆದರೆ ಅಂಥವರು ಯಾರೂ ಇಲ್ಲ. ನವಾಹೋ ಅಂದರೆ ಅಲ್ಲಿನ ಒಂದು ಮೂಲನಿವಾಸಿ ಜನಾಂಗ. ಇದುವರೆಗೆ ಒಬ್ಬ ನವಾಹೋ ಹೆಂಗಸೂ ಅಲ್ಲಿನ ಸಂಸತ್ತಿಗೆ ಆಯ್ಕೆಯಾಗಿಲ್ಲ. ಆಕೆ ಇರುವುದು ನಾನು ಬರೆಯುತ್ತಿರುವ ಕತೆಯಲ್ಲಿ ಮಾತ್ರ. ಆ ಕತೆಯೂ ಮುಗಿದಿಲ್ಲ. ಯಾಕೆ ಮುಗಿಯಲಿಲ್ಲ ಅನ್ನುವುದೇ ಇವತ್ತಿನ ಮಾತು.

ಶುರು ಮಾಡಿದಾಗ ಮೊದಲ ದೃಶ್ಯ ಕಣ್ಣ ಮುಂದೆ ಸಿದ್ಧವಾಗಿತ್ತು. ವೆಲ್ವೆಟ್ ರವಿಕೆ, ನೆರಿಗೆಯ ಉದ್ದ ಲಂಗ, ಕೊರಳಲ್ಲಿ ಬೆಳ್ಳಿ ಮತ್ತು ಟರ್ಕಾಯಿಸ್ ಕಲ್ಲಿನ ಸರ. ಒಬ್ಬಾಕೆ ವಾಷಿಂಗ್ಟನ್‌ನ ಸಂಸತ್ ಭವನದ ಮೆಟ್ಟಿಲು ಹತ್ತುತ್ತಾಳೆ. ಚೆಂದ ಇದೆ ಅಲ್ವಾ? ಹತ್ತಿಸಿದೆ. ಮೇಲೆ ಬಾಗಿಲಲ್ಲಿ ಯಾರೋ ಅವಳ ಹೆಸರು ಕೇಳಿದರು. ಅಲ್ಲಿಗೆ ಕತೆ ನಿಂತುಹೋಯಿತು.

ಅಲ್ಲಿ ಹೆಸರು ಅಂದರೆ ಸುಮ್ನೆ ಒಂದು ಹೆಸರಲ್ಲ. ನವಾಹೋ ಅನ್ನುವುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು 'ದಿನೆ' ಅಂದುಕೊಳ್ಳುತ್ತಾರೆ, ಅಂದರೆ 'ಜನ'. ಇಬ್ಬರು ಗುರುತಿಲ್ಲದವರು ಭೇಟಿಯಾದರೆ ನಾಲ್ಕು ಕುಲಗಳನ್ನು ಹೇಳಿಕೊಳ್ಳುತ್ತಾರೆ. ಮೊದಲು ತಾಯಿಯ ಕುಲ. ಅದೇ ತನ್ನ ಕುಲ. ಎರಡನೆಯದು ತಂದೆಯ ಕುಲ; ಅವರಿಗಾಗಿ ಹುಟ್ಟಿದವಳು ನಾನು ಅನ್ನುತ್ತಾರೆ. ಆಮೇಲೆ ತಾಯಿಯ ತಂದೆಯದು, ಕೊನೆಗೆ ತಂದೆಯ ತಂದೆಯದು. ಇಷ್ಟು ಕೇಳಿದ ಕೂಡಲೇ ಎದುರಿನವರು ಲೆಕ್ಕ ಹಾಕಿ, ಹಾಗಾದರೆ ನೀನು ನನಗೆ ತಂಗಿ ಆಗಬೇಕು, ನೀನು ಚಿಕ್ಕಮ್ಮ ಆಗಬೇಕು ಅನ್ನುತ್ತಾರೆ. ಉಡುಪಿ, ಮಂಗಳೂರು ಕಡೆಯವರು ತಲೆಯಾಡಿಸುತ್ತಿದ್ದೀರಿ. ಹೌದು, ಅಳಿಯಸಂತಾನದ ಮನೆಗಳಲ್ಲಿ 'ಬಳಿ', ಅಂದರೆ ಕುಲ, ತಾಯಿಯಿಂದ ಬರುತ್ತದಲ್ಲ, ಹಾಗೆಯೇ. ಹೋಲಿಕೆ ಅಲ್ಲಿಗೆ ನಿಲ್ಲಿಸೋಣ, ಜಾಸ್ತಿ ಎಳೆದರೆ ಹರಿಯುತ್ತದೆ.

ಹಳೆಯ ಪದ್ಧತಿಯಲ್ಲಿ ಮದುವೆಯಾದ ಗಂಡು ಹೆಂಡತಿಯ ತಾಯಿಮನೆಯ ಹತ್ತಿರ ಹೋಗಿ ನೆಲೆಸುತ್ತಿದ್ದ. ಹೋಗಾನ್ ಹೆಂಗಸಿನದು. ಹೋಗಾನ್ ಅಂದರೆ ಮರದ ದಿಮ್ಮಿ ಜೋಡಿಸಿ ಮಣ್ಣು ಮೆತ್ತಿದ, ಪೂರ್ವಕ್ಕೆ ಬಾಗಿಲಿರುವ ಮನೆ. ಕುರಿಗಳಲ್ಲೂ ದೊಡ್ಡ ಪಾಲು ಹೆಂಗಸರದು. ಗಂಡ ಬೇಡವಾದರೆ ಅವನ ಕುದುರೆಯ ಜೀನು ತಂದು ಬಾಗಿಲ ಹೊರಗೆ ಇಟ್ಟರಾಯಿತು, ಅವನಿಗೆ ಅರ್ಥವಾಗುತ್ತಿತ್ತು ಅಂತ ಹೇಳುತ್ತಾರೆ.

ಇಂಥ ಸಮಾಜದಲ್ಲಿ ಹುಟ್ಟಿದ ಹೆಂಗಸಿಗೆ ರಾಜಕೀಯ ಏನು ಕಷ್ಟ ಅಂದುಕೊಂಡೆ. ಎಡವಿದ್ದು ಅಲ್ಲೇ.

ಆ ಜನಕ್ಕೆ ಮೊದಲು ಒಬ್ಬ ದೊರೆ ಅಂತ ಇರಲಿಲ್ಲ, ಒಂದು ಸರ್ಕಾರ ಅಂತಲೂ ಇರಲಿಲ್ಲ. ಒಂದೊಂದು ಕಣಿವೆಗೆ ಒಬ್ಬೊಬ್ಬ ಹಿರಿಯರು. 1864ರಲ್ಲಿ ಅಮೆರಿಕದ ಸೈನ್ಯ ಅವರ ಬೆಳೆ ಸುಟ್ಟು, ಪೀಚ್ ಮರಗಳನ್ನು ಕಡಿದು, ಸಾವಿರಾರು ಜನರನ್ನು ಮುನ್ನೂರು ಮೈಲಿ ನಡೆಸಿಕೊಂಡು ಹೋಗಿ ಬಾಸ್ಕ್ ರೆಡಾಂಡೋ ಅನ್ನುವ ಬಯಲಲ್ಲಿ ಕೂಡಿಹಾಕಿತು. ನಾಲ್ಕು ವರ್ಷ. 1868ರ ಒಪ್ಪಂದದ ನಂತರ ಊರಿಗೆ ವಾಪಸು ಬಿಟ್ಟರು. ಆ ಒಪ್ಪಂದಕ್ಕೆ ಎರಡೂ ಕಡೆಯಿಂದ ಸಹಿ ಮಾಡಿದವರು ಗಂಡಸರೇ. ಅಮೆರಿಕದ ಸೇನಾಪತಿಗಳಿಗೆ ಮಾತಾಡಲು ಗಂಡಸರೇ ಬೇಕಿತ್ತು, ಕುರಿ ಯಾರದು ಮನೆ ಯಾರದು ಅಂತ ಅವರು ಕೇಳಲಿಲ್ಲ.

ಆಮೇಲೆ ಎಣ್ಣೆ ಸಿಕ್ಕಿತು. 1920ರ ದಶಕದ ಶುರುವಿನಲ್ಲಿ ಶಿಪ್‌ರಾಕ್ ಕಡೆ ಪೆಟ್ರೋಲಿಯಂ ಕಾಣಿಸಿಕೊಂಡಾಗ ಗುತ್ತಿಗೆ ಪತ್ರಕ್ಕೆ ಇಡೀ ಜನಾಂಗದ ಪರವಾಗಿ ಸಹಿ ಹಾಕುವವರು ಬೇಕಾದರು. ಅದಕ್ಕೆ ಅಂತಲೇ 1923ರಲ್ಲಿ ಒಂದು ಕೌನ್ಸಿಲ್ ಕಟ್ಟಿದರು. ಕಟ್ಟಿದ್ದು ವಾಷಿಂಗ್ಟನ್, ಕೂತಿದ್ದು ಗಂಡಸರು. 1930ರ ದಶಕದಲ್ಲಿ ಮೇವು ಕಡಿಮೆಯಾಗಿ ಮಣ್ಣು ಕೊಚ್ಚಿಹೋಗುತ್ತಿದೆ ಅಂತ ಸರ್ಕಾರ ಕುರಿ ಮೇಕೆಗಳನ್ನು ಕಡಿಮೆ ಮಾಡಲು ಹೊರಟಿತು. ಲಕ್ಷಕ್ಕೂ ಮೀರಿ ಪ್ರಾಣಿಗಳು ಹೋದವು. ಎಷ್ಟೋ ಕಡೆ ಸಾಗಿಸಲು ದುಡ್ಡಿಲ್ಲ ಅಂತ ಅಲ್ಲೇ ಗುಂಡಿಕ್ಕಿ ಕೊಳೆಯಲು ಬಿಟ್ಟರು. ಹೋದದ್ದು ಹೆಂಗಸರ ಆಸ್ತಿ. ಕೌನ್ಸಿಲ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ನನ್ನ ಕತೆಯ ನಾಯಕಿಯ ಅಜ್ಜಿ ಇದನ್ನು ಕಣ್ಣಾರೆ ನೋಡಿದವಳು ಅಂತ ಮಾಡಿಕೊಂಡೆ. ಇದೊಂದು ಪುಟ ಮಾತ್ರ ಚೆನ್ನಾಗಿ ಬಂತು.

ಮುಂದಿನ ಪ್ರಶ್ನೆ: ನಾಯಕಿ ಹುಟ್ಟಿದ್ದು ಯಾವಾಗ? ಮೊದಲು 1910 ಅಂತ ಬರೆದೆ. ಹಾಗಾದರೆ ಅವಳು ಅಮೆರಿಕದ ಪ್ರಜೆ ಆಗೋದು ಯಾವಾಗ? ಮೂಲನಿವಾಸಿಗಳೆಲ್ಲ ಪ್ರಜೆಗಳು ಅಂತ ಕಾಯಿದೆ ಬಂದದ್ದು 1924ರಲ್ಲಿ. ಸರಿ, ಹದಿನಾಲ್ಕನೇ ವಯಸ್ಸಿಗೆ. ಮತ್ತೆ ವೋಟು? ಅರಿಜೋನಾ ರಾಜ್ಯದ ಸಂವಿಧಾನದಲ್ಲಿ ಪೋಷಕರ ಅಧೀನದಲ್ಲಿರುವವರಿಗೂ ಬುದ್ಧಿ ಸ್ಥಿಮಿತ ಇಲ್ಲದವರಿಗೂ ಮತ ಇಲ್ಲ ಅಂತ ಒಂದು ಸಾಲಿತ್ತು. ಮೂಲನಿವಾಸಿಗಳು ಕೇಂದ್ರ ಸರ್ಕಾರದ ಪೋಷಣೆಯಲ್ಲಿ ಇರುವವರು, ಅದರಿಂದ ಅವರಿಗೆ ಮತ ಇಲ್ಲ ಅಂತ 1928ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಹೇಳಿತು. ಎರಡನೇ ಮಹಾಯುದ್ಧದಲ್ಲಿ ಸುಮಾರು ನಾನೂರು ನವಾಹೋ ಹುಡುಗರು ತಮ್ಮ ಭಾಷೆಯಲ್ಲೇ ಸಂಕೇತ ಕಟ್ಟಿ ಪೆಸಿಫಿಕ್ ದ್ವೀಪಗಳಲ್ಲಿ ಸೈನ್ಯದ ಸಂದೇಶ ಸಾಗಿಸಿದರು. ಜಪಾನಿಗೆ ಅದನ್ನು ಬಿಡಿಸಲಾಗಲಿಲ್ಲ. ಆ ಹುಡುಗರು ಊರಿಗೆ ಬಂದರೆ ಮತಪಟ್ಟಿಯಲ್ಲಿ ಹೆಸರಿಲ್ಲ. ಯುದ್ಧದಿಂದ ಮರಳಿದ ಫ್ರಾಂಕ್ ಹ್ಯಾರಿಸನ್ ಮತ್ತು ಅವರ ಜೊತೆಗಾರ ಹ್ಯಾರಿ ಆಸ್ಟಿನ್ ಮೊಕದ್ದಮೆ ಹೂಡಿ ಗೆದ್ದಿದ್ದು 1948ರಲ್ಲಿ. ಅದೇ ವರ್ಷ ನ್ಯೂ ಮೆಕ್ಸಿಕೋದಲ್ಲೂ ಮಿಗೆಲ್ ಟ್ರುಹಿಯೋ ಗೆದ್ದರು. ಯೂಟಾ ರಾಜ್ಯ 1957ರವರೆಗೆ ಕಾಯಿಸಿತು. ಅಷ್ಟಾದರೂ ಇಂಗ್ಲಿಷ್ ಓದಿ ತೋರಿಸುವ ಪರೀಕ್ಷೆ ಅರಿಜೋನಾದಲ್ಲಿ ಉಳಿದಿತ್ತು. 1970ರಲ್ಲಿ ಕೇಂದ್ರದ ಕಾಯಿದೆ ಬಂದು ಅದಕ್ಕೆ ಕೊನೆ.

ಅಂದರೆ 1910ರಲ್ಲಿ ಹುಟ್ಟಿದ ನನ್ನ ನಾಯಕಿ ಮೊದಲ ವೋಟು ಹಾಕುವ ಹೊತ್ತಿಗೆ ಮೂವತ್ತೆಂಟು ವರ್ಷದವಳು. ಇವಳನ್ನು ಸಂಸತ್ತಿಗೆ ಕಳಿಸೋದು ಹೇಗೆ?

ಪೆನ್ನು ಕೆಳಗಿಟ್ಟೆ. 1910ರಲ್ಲೇ ಹುಟ್ಟಿದ ನಿಜವಾದ ಹೆಂಗಸು ಯಾರಾದರೂ ಇದ್ದಾರಾ ಅಂತ ಹುಡುಕಿದೆ. ಸಿಕ್ಕರು. ಆನಿ ಡಾಡ್ಜ್ ವಾನೆಕಾ. ಇಲ್ಲಿಂದ ಮುಂದೆ ನನ್ನ ಕತೆಗಿಂತ ಇವರ ಕತೆ ಜಾಸ್ತಿ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಆನಿಯವರ ತಂದೆ ಚೀ ಡಾಡ್ಜ್. ಮಗುವಾಗಿ ಬಾಸ್ಕ್ ರೆಡಾಂಡೋದಲ್ಲಿ ಬದುಕುಳಿದವರು. ಇಂಗ್ಲಿಷ್ ಕಲಿತು ಸರ್ಕಾರದ ದುಭಾಷಿ ಆದರು, ಹಣವಂತ ಪಶುಪಾಲಕರಾದರು, 1923ರ ಕೌನ್ಸಿಲ್‌ಗೆ ಮೊದಲ ಅಧ್ಯಕ್ಷರಾದರು. ಮಗಳು ಸರ್ಕಾರಿ ಬೋರ್ಡಿಂಗ್ ಶಾಲೆಗೆ ಹೋದಳು. 1918ರ ಇನ್‌ಫ್ಲುಯೆಂಜಾ ಜ್ವರ ಫೋರ್ಟ್ ಡಿಫೈಯನ್ಸ್‌ನ ಆ ಶಾಲೆಗೂ ಬಂತು. ಆನಿಗೆ ಎಂಟು ವರ್ಷ. ಅವಳಿಗೆ ಜ್ವರ ಹಗುರವಾಗಿ ಬಂದು ಹೋಯಿತು. ಎದ್ದವಳೇ ನರ್ಸಿನ ಹಿಂದೆ ಓಡಾಡಿ, ಮಲಗಿದ್ದ ಮಕ್ಕಳಿಗೆ ಊಟ ಉಣಿಸಿದಳು. ಜೊತೆಯವರು ಎಷ್ಟೋ ಜನ ಸತ್ತರು.

ತಂದೆ ಸಾಯುವ ಮುಂಚೆ ಮಕ್ಕಳನ್ನು ಕರೆದು, ನಾನು ನೆಟ್ಟಗೆ ಹಿಡಿದ ಹಗ್ಗ ನೆಲಕ್ಕೆ ಬೀಳಬಾರದು, ಬೀಳುವುದು ಕಂಡರೆ ನಿಮ್ಮಲ್ಲಿ ಒಬ್ಬರು ಎತ್ತಿ ಹಿಡಿಯಬೇಕು ಅನ್ನುವ ಅರ್ಥದ ಮಾತು ಹೇಳಿದರಂತೆ. ಅವರು ತೀರಿಕೊಂಡಿದ್ದು 1947ರಲ್ಲಿ. 1951ರಲ್ಲಿ ಆನಿ ಕೌನ್ಸಿಲ್‌ಗೆ ಆಯ್ಕೆಯಾದರು. ಎಷ್ಟೋ ಕಡೆ ಇವರೇ ಮೊದಲ ಮಹಿಳೆ ಅಂತ ಬರೆದಿರುತ್ತಾರೆ. ಅದು ತಪ್ಪು. 1946ರಲ್ಲೇ ಲಿಲಿ ನೀಲ್ ಗೆದ್ದಿದ್ದರು. ಹೆಸರಾದವರ ಹಿಂದೆ ಮೊದಲನೆಯವರು ಮರೆಯಾಗುವುದು ಎಲ್ಲ ಕಡೆಯೂ ಇದ್ದದ್ದೇ.

ಎರಡನೇ ಚುನಾವಣೆಯಲ್ಲಿ ಆನಿಯ ಎದುರು ನಿಂತವರಲ್ಲಿ ಅವರ ಗಂಡ ಜಾರ್ಜ್ ವಾನೆಕಾ ಕೂಡ ಇದ್ದರು. ಆನಿ ಗೆದ್ದರು. ಆಮೇಲೆ ಹೆಂಡತಿ ಊರೂರು ತಿರುಗುವಾಗ ಮನೆ, ಮಕ್ಕಳು, ದನಕುರಿ ನೋಡಿಕೊಂಡಿದ್ದು ಜಾರ್ಜ್. ಈ ಮನುಷ್ಯನ ಬಗ್ಗೆಯೇ ಬೇರೆ ಕತೆ ಬರೆಯಬಹುದು.

ಕೌನ್ಸಿಲ್‌ನಲ್ಲಿ ಅವರಿಗೆ ಕೊಟ್ಟಿದ್ದು ಆರೋಗ್ಯದ ಕೆಲಸ. ಹೆಂಗಸು ಅಂತ ಅದನ್ನು ಕೊಟ್ಟಿರಬೇಕು ಅಂತ ನನ್ನ ಅನುಮಾನ. ಆದರೆ ಆಗ ಅದಕ್ಕಿಂತ ದೊಡ್ಡ ಕೆಲಸ ಇರಲಿಲ್ಲ. ಕ್ಷಯ ಮನೆಮನೆಯಲ್ಲಿತ್ತು. ಔಷಧಿ ಆಗಷ್ಟೇ ಬಂದಿತ್ತು, ಸ್ಟ್ರೆಪ್ಟೊಮೈಸಿನ್, ಆಮೇಲೆ 1952ರಲ್ಲಿ ಐಸೋನಿಯಜಿಡ್. ಔಷಧಿ ಇದ್ದರೆ ಸಾಲದು, ರೋಗಿ ಆಸ್ಪತ್ರೆಯಲ್ಲಿ ಉಳಿಯಬೇಕಲ್ಲ? ಸ್ಯಾನಟೋರಿಯಂ ಇದ್ದದ್ದು ನೂರಾರು ಮೈಲಿ ದೂರ. ಮೈಸೂರಿನ ಸ್ಯಾನಟೋರಿಯಂ ನೆನಪಿರುವ ಹಿರಿಯರಿಗೆ ಆ ಕಾಲದ ಭಯ ಗೊತ್ತು. ಅಲ್ಲಿ ಇನ್ನೊಂದು ಭಯವೂ ಸೇರಿತ್ತು. ನವಾಹೋ ಪದ್ಧತಿಯಲ್ಲಿ ಒಂದು ಹೋಗಾನ್‌ನಲ್ಲಿ ಯಾರಾದರೂ ಸತ್ತರೆ ಆ ಹೋಗಾನ್ ಬಿಟ್ಟು ಹೋಗುತ್ತಾರೆ. ಅಂಥವರನ್ನು ದಿನಾ ಜನ ಸಾಯುವ ಕಟ್ಟಡದಲ್ಲಿ ತಿಂಗಳುಗಟ್ಟಲೆ ಮಲಗು ಅಂದರೆ? ರಾತ್ರೋರಾತ್ರಿ ಎದ್ದು ಮನೆಗೆ ಓಡಿಬರುತ್ತಿದ್ದರು. ರೋಗ ಮನೆಮಂದಿಗೆ ಹರಡುತ್ತಿತ್ತು.

ಆನಿ ಮೊದಲು ಮಾಡಿದ್ದು ಓದು. ಆಸ್ಪತ್ರೆ, ಪ್ರಯೋಗಾಲಯ ಸುತ್ತಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, ವೈದ್ಯರ ತಲೆ ತಿಂದು, ಈ ರೋಗ ಏನು ಅಂತ ತಿಂಗಳುಗಟ್ಟಲೆ ಕಲಿತರು. ಆಮೇಲೆ ಹೋಗಾನ್‌ನಿಂದ ಹೋಗಾನ್‌ಗೆ ಹೊರಟರು. ಅಲ್ಲಿ ಎದುರಾದದ್ದು ಭಾಷೆಯ ಸಮಸ್ಯೆ. ರೋಗಾಣು ಅನ್ನಲು ನವಾಹೋದಲ್ಲಿ ಪದ ಇಲ್ಲ. ಕಣ್ಣಿಗೆ ಕಾಣದ್ದು ಒಳಗೆ ಕೂತು ತಿನ್ನುತ್ತಿದೆ ಅಂತ ನಂಬಿಸೋದು ಹೇಗೆ? ಆ ರೋಗಕ್ಕೆ ಅವರ ಮಾತಿನಲ್ಲಿರುವ ಹೆಸರಿಗೆ ಹೆಚ್ಚುಕಡಿಮೆ 'ಶ್ವಾಸಕೋಶ ಇಲ್ಲವಾಗುವುದು' ಅಂತ ಅರ್ಥ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ 'ಕ್ಷಯ' ಕೂಡ ಅದೇ ಅಲ್ವಾ? ಸವೆದು ಹೋಗುವುದು, ಕರಗುವುದು. ನಾವು ಆ ಪದವನ್ನು ಸಾವಿರ ಸಲ ಅಂದಿದ್ದೇವೆ, ಒಳಗೆ ಏನಿದೆ ಅಂತ ನೋಡಿರುವುದಿಲ್ಲ.

ಸಿಡಿಲು ಬಡಿದ ಮರದ ಕಟ್ಟಿಗೆ ಬಳಸಿದರೆ ಆ ಕಾಯಿಲೆ ಬರುತ್ತದೆ ಅಂತ ಅಲ್ಲಿನ ಕೆಲವು ಮಂತ್ರವೈದ್ಯರು ನಂಬಿದ್ದರು. ಆನಿ ಅವರ ಜೊತೆ ಜಗಳಕ್ಕೆ ಇಳಿಯಲಿಲ್ಲ. ಅವರಿಗೂ ಮೈಕ್ರೋಸ್ಕೋಪು ತೋರಿಸಿದರು. ನೀವು ಪೂಜೆ ಮಾಡಿ, ಹಾಡು ಹೇಳಿ, ಆಮೇಲೆ ಆಸ್ಪತ್ರೆಗೆ ಕಳಿಸಿ ಅಂದರು. ಆ ಕಡೆ ಬಿಳಿಯ ಡಾಕ್ಟರುಗಳಿಗೂ ಹೇಳಿದರು: ಇವರ ಪೂಜೆಗೆ ನಗಬೇಡಿ. ವೈದ್ಯರು ಮತ್ತು ದುಭಾಷಿಗಳ ಜೊತೆ ಕೂತು ವೈದ್ಯಕೀಯ ಮಾತುಗಳ ಇಂಗ್ಲಿಷ್-ನವಾಹೋ ಪದಕೋಶ ಮಾಡಿಸಿದರು. 1960ರಿಂದ ಗ್ಯಾಲಪ್ ಊರಿನ ರೇಡಿಯೋದಲ್ಲಿ ನವಾಹೋದಲ್ಲೇ ಆರೋಗ್ಯದ ಮಾತು ಆಡಿದರು. ಶುದ್ಧ ನೀರು, ಮಕ್ಕಳ ಚುಚ್ಚುಮದ್ದು, ಹೋಗಾನ್‌ಗೆ ಕಿಟಕಿ, ಹೀಗೆ.

(ಸಣ್ಣ ಅಡ್ಡಮಾತು. ಅದೇ ವರ್ಷಗಳಲ್ಲಿ ಕ್ಷಯರೋಗಿಗೆ ಮನೆಯಲ್ಲೇ ಮಾತ್ರೆ ಕೊಟ್ಟರೂ ಸ್ಯಾನಟೋರಿಯಂನಷ್ಟೇ ಗುಣ ಸಿಗುತ್ತದೆ ಅಂತ ಮದ್ರಾಸಿನ ಅಧ್ಯಯನ ತೋರಿಸಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದೂ 1959ರಲ್ಲಿ. ಅರಿಜೋನಾದ ಮೆನಿ ಫಾರ್ಮ್ಸ್ ಹಳ್ಳಿಯಲ್ಲಿ ಆಗ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯರು ಒಂದು ಕ್ಲಿನಿಕ್ ನಡೆಸುತ್ತಿದ್ದರು. ಎಲ್ಲರ ಮುಂದೆ ಇದ್ದದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಔಷಧಿ ಬಂತು, ಅದನ್ನು ದೂರದ ಮನೆಗೆ ಮುಟ್ಟಿಸೋದು ಹೇಗೆ?)

ವಾಷಿಂಗ್ಟನ್‌ಗೆ ಆನಿ ಎಷ್ಟೋ ಸಲ ಹೋದರು. ಸಂಸದೆಯಾಗಿ ಅಲ್ಲ, ಸಂಸದರ ಮುಂದೆ ಅಹವಾಲು ಹೇಳಲು. ಸರ್ಕಾರದ ಆರೋಗ್ಯ ಸಲಹಾ ಮಂಡಳಿಗಳಲ್ಲಿ ಕೂತರು. 1963ರಲ್ಲಿ ಅಧ್ಯಕ್ಷ ಕೆನಡಿ ಅವರನ್ನು ಅಧ್ಯಕ್ಷೀಯ ಸ್ವಾತಂತ್ರ್ಯ ಪದಕಕ್ಕೆ ಆರಿಸಿದರು. ನವೆಂಬರಿನಲ್ಲಿ ಕೆನಡಿಯ ಕೊಲೆಯಾಯಿತು. ಡಿಸೆಂಬರ್ 6ರಂದು ಪದಕ ಕೊಟ್ಟಿದ್ದು ಲಿಂಡನ್ ಜಾನ್ಸನ್. ಅದೇ ಸಾಲಿನಲ್ಲಿ ಗಾಯಕಿ ಮರಿಯನ್ ಆಂಡರ್ಸನ್, ಚೆಲ್ಲೋ ವಾದಕ ಪಾಬ್ಲೋ ಕಸಾಲ್ಸ್ ಇದ್ದರು. ನನ್ನ ಮೊದಲ ದೃಶ್ಯ ನೆನಪಿದೆಯಾ? ಆ ಉಡುಗೆ ಆನಿಯವರದ್ದೇ. ಯಾವುದೋ ಫೋಟೋ ನೋಡಿ ಮರೆತು, ನನ್ನದೇ ಕಲ್ಪನೆ ಅಂದುಕೊಂಡಿದ್ದೆ.

ಇಷ್ಟು ಹೇಳಿದರೆ ಅವರು ದೇವಿಯ ಪಟದ ಹಾಗೆ ಕಾಣುತ್ತಾರೆ. ಹಾಗಿರಲಿಲ್ಲ. ಪೆಯೋಟಿ ಅನ್ನುವ ಕಳ್ಳಿಯನ್ನು ಪ್ರಸಾದವಾಗಿ ಸೇವಿಸುವ ಒಂದು ಧರ್ಮಪಂಥ ಅಲ್ಲಿದೆ. ಕೌನ್ಸಿಲ್ ಅದನ್ನು 1940ರಲ್ಲಿ ನಿಷೇಧಿಸಿತ್ತು. ಆನಿ ಆ ನಿಷೇಧದ ಪರ. ಮಂತ್ರವೈದ್ಯರ ನಂಬಿಕೆಗೆ ಅಷ್ಟು ಗೌರವ ಕೊಟ್ಟವರು ಇವರ ನಂಬಿಕೆಗೆ ಜಾಗ ಕೊಡಲಿಲ್ಲ. ಇದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. 1968ರಲ್ಲಂತೂ, ಬಡವರಿಗೆ ಕಾನೂನು ನೆರವು ಕೊಡುವ ಸಂಸ್ಥೆಯ ಬಿಳಿಯ ವಕೀಲರೊಬ್ಬರು ಸಭೆಯಲ್ಲಿ ನಕ್ಕರು ಅಂತ ಮರುದಿನ ಆನಿ ಅವರಿಗೆ ಹೊಡೆದೇಬಿಟ್ಟರು. ಆ ವಕೀಲರನ್ನು ನವಾಹೋ ನೆಲದಿಂದಲೇ ಹೊರಹಾಕಲಾಯಿತು. ಫೆಡರಲ್ ಕೋರ್ಟು ಆ ಗಡೀಪಾರನ್ನು ರದ್ದು ಮಾಡಿತು. ನನ್ನ ಈ ಉಪನ್ಯಾಸ ಮುಗಿದ ಮೇಲೆ ಒಬ್ಬರು ಕೇಳಿದರು, "ನಿಮ್ಮ ಕತೆಯಲ್ಲಿ ಆ ಹೊಡೆತ ಇದೆಯಾ?" ಇಲ್ಲ. ನಾನು ಕಟ್ಟಿದ ನಾಯಕಿ ತುಂಬಾ ಒಳ್ಳೆಯವಳು. ಅದೇ ಅವಳ ತೊಂದರೆ.

ಸರಿ, ಹುಟ್ಟಿದ ವರ್ಷವನ್ನು ಮುಂದಕ್ಕೆ ತಂದೆ. ನಾಯಕಿ ಈ ಕಾಲದವಳು. ಈಗ ಅಡ್ಡಿ ಏನು?

ಒಂದು ಗೆರೆ. ಗೆರೆ ಅಂದರೆ ನಕ್ಷೆಯ ಗೆರೆ. ನವಾಹೋ ನೆಲ ಸುಮಾರು 71,000 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಆದರೆ ಅದು ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ಮೂರು ರಾಜ್ಯಗಳಲ್ಲಿ ಹಂಚಿಹೋಗಿದೆ. ಸಂಸತ್ ಕ್ಷೇತ್ರ ರಾಜ್ಯದ ಗಡಿ ದಾಟುವಂತಿಲ್ಲ. ಒಂದೇ ಜನ, ಮೂರು ಕ್ಷೇತ್ರಗಳಲ್ಲಿ ಮೂರು ಅಲ್ಪಸಂಖ್ಯಾತ ಗುಂಪು. ನವಾಹೋ ನೇಷನ್, ಅಂದರೆ ಆ ಜನರ ಸ್ವಂತ ಸರ್ಕಾರ, ಅದರ ಅಧ್ಯಕ್ಷರಾಗಿದ್ದ ಜೊನಾಥನ್ ನೆಜ್ 2024ರಲ್ಲಿ ಅರಿಜೋನಾದಿಂದ ಸಂಸತ್ತಿಗೆ ನಿಂತರು, ಸೋತರು. ಹಾಗಂತ ಆ ಮತಗಳಿಗೆ ಬೆಲೆ ಇಲ್ಲ ಅಂತಲ್ಲ. 2020ರಲ್ಲಿ ಜೋ ಬೈಡನ್ ಅರಿಜೋನಾ ಗೆದ್ದಿದ್ದು 10,457 ಮತಗಳ ಅಂತರದಿಂದ. ಆ ಲೆಕ್ಕದಲ್ಲಿ ನವಾಹೋ ಮತ ತೆಗೆದು ನೋಡಿ.

ಇನ್ನೊಂದು ಅಡ್ಡಿ ವಿಳಾಸ. ಎಷ್ಟೋ ಮನೆಗಳಿಗೆ ರಸ್ತೆಯ ಹೆಸರಿಲ್ಲ, ಬಾಗಿಲ ಸಂಖ್ಯೆ ಇಲ್ಲ. ಟಪಾಲು ಬರುವುದು ಮೈಲಿಗಟ್ಟಲೆ ದೂರದ ಅಂಚೆ ಪೆಟ್ಟಿಗೆಗೆ. ಮತದಾರರ ಪಟ್ಟಿಗೆ ಸೇರಲು, ಅಂಚೆ ಮತ ಹಾಕಲು ವಿಳಾಸ ಬೇಕು. ಮನೆ ಎಲ್ಲಿ ಅಂದರೆ ನಕ್ಷೆ ಬಿಡಿಸಿ, ಇಂಥ ಗುಡ್ಡದ ಪಕ್ಕ, ಇಂಥ ನೀರಿನ ತೊಟ್ಟಿಯ ಹಿಂದೆ ಅಂತ ಬರೆಯಬೇಕು. ಸುಮಾರು ಮೂರನೇ ಒಂದು ಪಾಲು ಮನೆಗಳಿಗೆ ನಲ್ಲಿ ನೀರೂ ಇಲ್ಲ. ಆ ನೀರಿಗಾಗಿ ಹಾಕಿದ ಕೇಸನ್ನು 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದೇ ಮತದ ಅಂತರದಲ್ಲಿ ತಳ್ಳಿಹಾಕಿತು. 1868ರ ಒಪ್ಪಂದದ ಪ್ರಕಾರ ನೀರು ಒದಗಿಸಲು ಸರ್ಕಾರ ತಾನಾಗಿ ಹೆಜ್ಜೆ ಇಡಬೇಕಿಲ್ಲ ಅಂತ ತೀರ್ಪು.

ಮತ್ತೊಂದು ಅಡ್ಡಿ ಒಳಗಿನದು. ಲಿಂಡಾ ಲವ್‌ಜಾಯ್ 2006 ಮತ್ತು 2010ರಲ್ಲಿ ನವಾಹೋ ನೇಷನ್‌ನ ಅಧ್ಯಕ್ಷ ಸ್ಥಾನಕ್ಕೆ ಕೊನೆಯ ಸುತ್ತಿನವರೆಗೂ ಹೋಗಿ ಸೋತರು. ಹೆಂಗಸು ಜನಾಂಗವನ್ನು ಆಳಬಾರದು ಅಂತ ಕೆಲವರು ಒಂದು ಪುರಾಣ ಎತ್ತಿದರು. ಹಿಂದೆ ಗಂಡಸರಿಗೂ ಹೆಂಗಸರಿಗೂ ಜಗಳವಾಗಿ ನದಿಯ ಎರಡು ದಡಕ್ಕೆ ಬೇರೆಯಾದರಂತೆ, ಹೆಂಗಸರ ದಡದಲ್ಲಿ ಎಲ್ಲ ಕೆಟ್ಟಿತಂತೆ. ಆ ಕತೆಯ ಕೊನೆಯಲ್ಲಿ ಇಬ್ಬರೂ ಮತ್ತೆ ಒಂದಾಗುತ್ತಾರೆ, ಒಬ್ಬರಿಲ್ಲದೆ ಇನ್ನೊಬ್ಬರಿಗೆ ಬದುಕಿಲ್ಲ ಅಂತ. ಆ ಭಾಗವನ್ನು ಚುನಾವಣೆಯಲ್ಲಿ ಯಾರೂ ಹೇಳುವುದಿಲ್ಲ.

ಬದಲಾವಣೆ ಇಲ್ಲ ಅಂತಲ್ಲ. 2018ರಲ್ಲಿ ಸಂಸತ್ತಿಗೆ ಮೊದಲ ಬಾರಿ ಇಬ್ಬರು ಮೂಲನಿವಾಸಿ ಹೆಂಗಸರು ಗೆದ್ದರು: ಲಗೂನಾ ಪ್ವೆಬ್ಲೋದ ಡೆಬ್ ಹಾಲಂಡ್, ಹೋ-ಚಂಕ್ ಜನಾಂಗದ ಶರೀಸ್ ಡೇವಿಡ್ಸ್. ಹಾಲಂಡ್ 2021ರಲ್ಲಿ ಆಂತರಿಕ ಇಲಾಖೆಯ ಮಂತ್ರಿಯೂ ಆದರು. ಮೂಲನಿವಾಸಿಗಳ ವ್ಯವಹಾರ ನೋಡುವುದು ಅದೇ ಇಲಾಖೆ. ನವಾಹೋ ಹೆಂಗಸರಲ್ಲಿ ವಲೀಯಾ ಜಾನ್ಸ್ ಕೇಂದ್ರದ ಇಂಧನ ಇಲಾಖೆಯಲ್ಲಿ ಒಂದು ಕಚೇರಿಯ ಮುಖ್ಯಸ್ಥೆಯಾದರು. ಸನ್‌ಶೈನ್ ಸೈಕ್ಸ್ 2022ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫೆಡರಲ್ ನ್ಯಾಯಾಧೀಶೆಯಾದರು. 2023ರಲ್ಲಿ ರಿಶೆಲ್ ಮೊಂಟೋಯಾ ನವಾಹೋ ನೇಷನ್‌ನ ಉಪಾಧ್ಯಕ್ಷೆ, ಕ್ರಿಸ್ಟಲಿನ್ ಕರ್ಲಿ ಕೌನ್ಸಿಲ್‌ನ ಸ್ಪೀಕರ್. ಎರಡೂ ಸ್ಥಾನಕ್ಕೆ ಹೆಂಗಸು ಬಂದದ್ದು ಅದೇ ಮೊದಲು.

ಇಷ್ಟೆಲ್ಲ ಗೊತ್ತಾದ ಮೇಲೆ ಮೆಟ್ಟಿಲು ಹತ್ತುವ ದೃಶ್ಯ ಹೊಡೆದುಹಾಕಿದೆ. ಈಗ ಕತೆ ಬೇರೆ ಕಡೆಯಿಂದ ಶುರುವಾಗುತ್ತದೆ. ನವಾಹೋ ಬಹಳ ಕಾಲ ಬಾಯಿಮಾತಿನ ಭಾಷೆ, ಓದಲು ಬರುವವರು ಕಡಿಮೆ. ಅದಕ್ಕೇ 1975ರ ನಂತರದ ಕಾಯಿದೆ ಪ್ರಕಾರ ಅಲ್ಲಿ ಮತಪತ್ರದ ವಿಷಯವನ್ನು ಬಾಯಲ್ಲೇ ಅನುವಾದ ಮಾಡಿ ಹೇಳಬೇಕು. ಮತಗಟ್ಟೆಯಲ್ಲಿ ಆ ಕೆಲಸಕ್ಕೆ ಜನ ಇರುತ್ತಾರೆ. ನನ್ನ ನಾಯಕಿ ಈಗ ಅಲ್ಲಿದ್ದಾಳೆ. ಊರಿನ ಚಾಪ್ಟರ್ ಹೌಸ್, ಅಂದರೆ ಊರ ಆಡಳಿತದ ಸಭೆ ಸೇರುವ ಕಟ್ಟಡ, ನವೆಂಬರ್ ತಿಂಗಳ ಚಳಿ, ಒಂದು ಮೂಲೆಯಲ್ಲಿ ಕಾಫಿ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಬಂದು ಕೂರುತ್ತಾಳೆ. ಇಬ್ಬರೂ ಮೊದಲು ನಾಲ್ಕು ಕುಲ ಹೇಳಿಕೊಳ್ಳುತ್ತಾರೆ. ಆಮೇಲೆ ಅಜ್ಜಿ ಮತಪತ್ರದ ಮೇಲೆ ಬೆರಳಿಟ್ಟು, "ಈ 'ಬಾಂಡ್' ಅಂದರೆ ಏನು, ಮಗಳೇ?" ಅಂತ ಕೇಳುತ್ತಾಳೆ. ಸರ್ಕಾರ ಎತ್ತುವ ಸಾಲ ಅದು ಅಂತ ನಾಯಕಿಗೆ ಗೊತ್ತು, ನವಾಹೋದಲ್ಲಿ ಅದಕ್ಕೆ ಪದ ಗೊತ್ತಿಲ್ಲ. ಹಿಂದೆ ಸಾಲಿನಲ್ಲಿ ಇಪ್ಪತ್ತು ಜನ ನಿಂತಿದ್ದಾರೆ. ಅವಳು ಕುರ್ಚಿ ಹತ್ತಿರ ಎಳೆದುಕೊಂಡು, ಕುರಿ ಸಾಲ ತಂದು ಮರಿ ಹಾಕಿದ ಮೇಲೆ ತೀರಿಸುವುದು ಹೇಗೆ ಅನ್ನುವಲ್ಲಿಂದ ವಿವರಿಸಲು ಶುರು ಮಾಡುತ್ತಾಳೆ.

ಸದ್ಯಕ್ಕೆ ಬರೆದಿರುವುದು ಇಷ್ಟೇ.